ಘಾಟಿ ಹತ್ತುವಾಗ ಇಂಜಿನ್ ಲೈಟ್ ಮಿನುಗುತ್ತೆ, ಸಮತಟ್ಟು ರಸ್ತೆಗೆ ಬಂದರೆ ಸುಮ್ನೆ ಉರಿಯುತ್ತೆ. ಏನಿರಬಹುದು?

ಹಾಸನದ_ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ನಂದು 2016ರ ಪೆಟ್ರೋಲ್ ಕಾರು, 74,000 ಕಿ.ಮೀ. ಓಡಿದೆ. ಭಾನುವಾರ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಸೆಕೆಂಡ್ ಗೇರ್ ಹಾಕಿ ಎಕ್ಸಲೇಟರ್ ಒತ್ತಿದರೆ ಗಾಡಿ ಕೆಮ್ಮಿದ ಹಾಗೆ ಜಗ್ಗುತ್ತಿತ್ತು. ಪಿಕಪ್ ಇಲ್ಲ. ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ ಮಿಣಕ್ ಮಿಣಕ್ ಅಂತಿತ್ತು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಮತ್ತೆ ಸ್ಟಾರ್ಟ್ ಮಾಡಿದಾಗ ಮಿನುಗುವುದು ನಿಂತು ಸುಮ್ನೆ ಉರಿಯೋಕೆ ಶುರುವಾಯಿತು, ಮನೆ ತನಕ ಹಾಗೇ ಬಂದೆ.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಸ್ಕ್ಯಾನ್ ಮಾಡಿ "ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಬೇಕು" ಅಂದರು. ಸದ್ಯಕ್ಕೆ ಅಂತ ಲೈಟ್ ಅಳಿಸಿ ಕಳಿಸಿದರು. ಎರಡೇ ದಿನಕ್ಕೆ ಮತ್ತೆ ಬಂತು. ಸೆನ್ಸರ್ ಹಾಕಿಸಲಾ?

ಗ್ರೀಸ್_ಕೈ

ತಡೀರಿ ಸರ್, ಈಗಲೇ ದುಡ್ಡು ಕೊಡಬೇಡಿ. ಸ್ಕ್ಯಾನ್‌ನಲ್ಲಿ ಯಾವ ಕೋಡ್ (ತಪ್ಪು ಯಾವುದು ಅಂತ ಗಾಡಿ ಬರೆದಿಟ್ಟುಕೊಳ್ಳುವ ನಂಬರ್) ಬಂತು? ಕೋಡ್ ಬರೆದುಕೊಳ್ಳದೆ ಅಳಿಸುವುದು ಅಂದರೆ ಜ್ವರ ಎಷ್ಟಿದೆ ಅಂತ ನೋಡದೆ ಥರ್ಮಾಮೀಟರ್ ಕೊಡವಿದ ಹಾಗೆ.

ಇನ್ನೊಂದು ಮಾತು. ಲೈಟ್ ಸುಮ್ನೆ ಉರಿಯುತ್ತಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ ಮನೆಗೆ ಬಂದು ಒಂದೆರಡು ದಿನದಲ್ಲಿ ತೋರಿಸಬಹುದು. ಮಿನುಗಿದರೆ ಹಾಗಲ್ಲ. ಯಾವುದೋ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ಹಾಗೇ ಘಾಟಿ ಹತ್ತಿಸಿದರೆ ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಭಾಗ ಕರಗಿಯೇ ಹೋಗಬಹುದು, ಅದರ ಬೆಲೆ ಕೇಳಿದರೆ ಊಟ ಸೇರಲ್ಲ. ಇನ್ನೊಂದು ಸಲ ಮಿನುಗಿದರೆ ಎಕ್ಸಲೇಟರ್‌ನಿಂದ ಕಾಲು ತೆಗೆದು ಜಾಗ ಸಿಕ್ಕಲ್ಲಿ ನಿಲ್ಲಿಸಿ. (ಕೆಂಪು ಆಯಿಲ್ ಲೈಟ್ ಬಂದರಂತೂ ಯೋಚನೆಯೇ ಬೇಡ, ಅಲ್ಲೇ ಇಂಜಿನ್ ಆಫ್. ಅದು ಬೇರೆ ಕಥೆ.)

ಹಾಸನದ_ಹ್ಯಾಚ್‌ಬ್ಯಾಕ್

ಪಕ್ಕದ ಮನೆಯ ಹುಡುಗನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಇತ್ತು, ಇಎಲ್‌ಎಂ 327 ಅಂತಾರಲ್ಲ ಅದು. ಸ್ಟೀರಿಂಗ್ ಕೆಳಗೆ ಮೊಣಕಾಲು ತಾಗುವ ಜಾಗದಲ್ಲಿ 16 ಪಿನ್‌ನ ಸಾಕೆಟ್ ಇದೆ, ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ! ಎರಡು ಕೋಡ್ ಬಂದಿವೆ: ಪಿ0302 ಮತ್ತು ಪಿ0171.

ಬೆಳ್ಳಿ_ಮೋಡ

ಅಣ್ಣ, ಬ್ಯಾಟರಿ ಮೈನಸ್ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಡಿ. ನನ್ನ ಗಾಡಿಯಲ್ಲಿ ಹಾಗೇ ಹೋಯ್ತು.

ಗ್ರೀಸ್_ಕೈ

ಟರ್ಮಿನಲ್ ಬಿಚ್ಚಿದರೆ ಲೈಟ್ ಹೋಗುತ್ತೆ, ರೋಗ ಅಲ್ಲೇ ಇರುತ್ತೆ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಲಿತುಕೊಂಡಿದ್ದ ಐಡ್ಲಿಂಗ್ ಲೆಕ್ಕವೂ ಅಳಿಸಿಹೋಗಿ ಸ್ವಲ್ಪ ದಿನ ಗಾಡಿ ಇನ್ನೂ ನಡುಗಬಹುದು. ದಯವಿಟ್ಟು ಬೇಡ.

ಈಗ ಕೋಡ್ ನೋಡೋಣ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಇಸಿಯು ತಿಳಿದುಕೊಂಡಿದೆ. ನಿಮ್ಮ ಗ್ಯಾರೇಜಿನವರು ಈ ಎರಡನೆಯದನ್ನು ಮಾತ್ರ ನೋಡಿ ಸೆನ್ಸರ್ ಅಂದಿರಬೇಕು. ಯೋಚನೆ ಮಾಡಿ: ಎರಡನೇ ಸಿಲಿಂಡರ್‌ನಲ್ಲಿ ಕಿಡಿ ಬೀಳದಿದ್ದರೆ ಅಲ್ಲಿ ಎಳೆದುಕೊಂಡ ಗಾಳಿ ಉರಿಯದೆ ಹಾಗೇ ಹೊರಗೆ ಬರುತ್ತೆ. ಅದರಲ್ಲಿರುವ ಆಕ್ಸಿಜನ್ ಕಂಡು ಹೊಗೆ ದಾರಿಯಲ್ಲಿರುವ ಸೆನ್ಸರ್ "ಇಲ್ಲಿ ಆಕ್ಸಿಜನ್ ಜಾಸ್ತಿ ಇದೆ" ಅಂತ ಹೇಳುತ್ತೆ. ಅದು ನಿಜವನ್ನೇ ಹೇಳಿದೆ ಪಾಪ. ಸುದ್ದಿ ತಂದ ಪೋಸ್ಟ್‌ಮ್ಯಾನ್‌ಗೆ ಹೊಡೆದು ಏನು ಬಂತು?

ಮಿಸ್ಸಿಂಗ್ ಅಂತ ಗೊತ್ತಾಗೋದು ಹೇಗೆ ಅಂದರೆ, ಇಂಜಿನ್‌ನ ಕ್ರ್ಯಾಂಕ್ ದಂಡ ತಿರುಗುವ ವೇಗವನ್ನು ಒಂದು ಸೆನ್ಸರ್ ಎಣಿಸುತ್ತಿರುತ್ತದೆ. ಸೈಕಲ್ ತುಳಿಯುವಾಗ ಒಂದು ಪೆಡಲ್ ಜಾರಿದರೆ ತಟಕ್ಕನೆ ವೇಗ ತಗ್ಗುತ್ತಲ್ವಾ, ಅದೇ ಥರ. ಘಾಟಿಯಲ್ಲಿ ಇಂಜಿನ್ ಮೇಲೆ ಭಾರ ಜಾಸ್ತಿ, ಕಿಡಿ ಹಾರುವುದೂ ಕಷ್ಟ, ಅದಕ್ಕೇ ಅಲ್ಲಿ ಜೋರಾಗಿ ಕಾಣಿಸಿಕೊಂಡಿದೆ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಇಂಜಿನ್ ಪೂರ್ತಿ ತಣ್ಣಗಾಗಲಿ, ಕೀ ತೆಗೆಯಿರಿ. ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಸಾಲಾಗಿ ನಾಲ್ಕು ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವವು) ಕಾಣಬೇಕು, ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯದು ಒಂದನೆಯದು. ಎರಡನೆಯ ಕಾಯಿಲ್ ತೆಗೆದು ಮೂರನೆಯದರ ಜಾಗಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿ (ಈಗ ಅಳಿಸಬಹುದು, ಬರೆದುಕೊಂಡಿದ್ದೀರಲ್ಲ) ಒಂದು ಸಣ್ಣ ಸುತ್ತು ಹೋಗಿ ಬನ್ನಿ. ಪಿ0303 ಬಂದರೆ ತಪ್ಪು ಕಾಯಿಲ್‌ನದು. ಪಿ0302 ಹಾಗೇ ಇದ್ದರೆ ಕಿಡಿ ಹಾರಿಸುವ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್) ನೋಡಬೇಕು.

ಮತ್ತೆ, ಇತ್ತೀಚೆಗೆ ವಾಟರ್ ಸರ್ವಿಸ್ ಮಾಡಿಸಿದ್ರಾ?

ಹಾಸನದ_ಹ್ಯಾಚ್‌ಬ್ಯಾಕ್

ನಿಮಗೆ ಹೇಗೆ ಗೊತ್ತಾಯ್ತು! ಹೌದು, ಧರ್ಮಸ್ಥಳಕ್ಕೆ ಹೋಗೋ ಮುಂಚಿನ ದಿನ. ಬಾನೆಟ್ ತೆಗೆದು ಪ್ರೆಶರ್ ಗನ್ ಹಿಡಿದಿದ್ದರು, ಫಳಫಳ ಆಗಲಿ ಅಂತ ನಾನೇ ಹೇಳಿದ್ದೆ.

ಕಾಯಿಲ್ ಬಿಚ್ಚಿದೆ. 10 ನಂಬರ್ ಸ್ಪ್ಯಾನರ್ ಸಾಕಾಯಿತು. ಎರಡನೆಯದನ್ನು ಎಳೆದಾಗ ಕೆಳಗಿನ ರಬ್ಬರ್ ತೋಳು ಒದ್ದೆ, ಒಳಗಿನ ಸ್ಪ್ರಿಂಗ್ ಮೇಲೆ ತುಕ್ಕು. ಟಾರ್ಚ್ ಹಾಕಿ ನೋಡಿದರೆ ಪ್ಲಗ್ ಕೂತಿರುವ ಗುಂಡಿಯಲ್ಲಿ ನೀರು ನಿಂತಿದೆ! ರಬ್ಬರಿನ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಕೂಡ ಇದೆ. ಒರೆಸಿ, ಮೂರಕ್ಕೆ ಹಾಕಿ ಬೈಪಾಸ್ ತನಕ ಹೋಗಿ ಬಂದೆ. ಪಿ0303!

ಗ್ರೀಸ್_ಕೈ

ಆ ಕಪ್ಪು ಗೆರೆ ಕಿಡಿ ಹಾರಿದ ದಾರಿ. ಪ್ಲಗ್‌ನ ತುದಿಗೆ ಹೋಗುವ ಬದಲು ನೀರು ಹಿಡಿದುಕೊಂಡು ಪಕ್ಕದ ಲೋಹಕ್ಕೆ ಹಾರಿದೆ. ಒಮ್ಮೆ ದಾರಿ ಬಿದ್ದ ಮೇಲೆ ಒಣಗಿದರೂ ಅಲ್ಲೇ ಹಾರುತ್ತೆ. ಆ ಒಂದು ಕಾಯಿಲ್ ಬದಲಾಯಿಸಿ. ಆ ಗುಂಡಿಯ ನೀರನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಪೂರ್ತಿ ಹೀರಿ, ಗಾಳಿ ಊದಿ, ಆಮೇಲೆ ಪ್ಲಗ್ ಬಿಚ್ಚಿ. ಮೊದಲೇ ಬಿಚ್ಚಿದರೆ ನೀರು ಸಿಲಿಂಡರ್ ಒಳಗೆ ಇಳಿಯುತ್ತೆ. ಪ್ಲಗ್ ಹಳೆಯದಾಗಿದ್ದರೆ ನಾಲ್ಕನ್ನೂ ಹಾಕಿಸಿಬಿಡಿ.

ಬೆಳ್ಳಿ_ಮೋಡ

ನಂದು ಟರ್ಮಿನಲ್ ಬಿಚ್ಚಿದ ಮೇಲೆ ಲೈಟ್ ಬರಲೇ ಇಲ್ಲ, ಕೀ ಆನ್ ಮಾಡಿದಾಗಲೂ ಬರಲ್ಲ. ಒಳ್ಳೇದೇ ಅಲ್ವಾ?

ಗ್ರೀಸ್_ಕೈ

ಅಲ್ಲ ಮಾರಾಯ. ಕೀ ಆನ್ ಮಾಡಿದಾಗ ಆ ಲೈಟ್ ಬಂದು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಬರುವುದೇ ಇಲ್ಲ ಅಂದರೆ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ಕಿತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿಯಾ?

ಬೆಳ್ಳಿ_ಮೋಡ

ಹೂಂ. ಬೇರೆ ಥ್ರೆಡ್ ಹಾಕ್ತೀನಿ.

ಹಾಸನದ_ಹ್ಯಾಚ್‌ಬ್ಯಾಕ್

ಹೊಸ ಕಾಯಿಲ್, ನಾಲ್ಕು ಪ್ಲಗ್ ಹಾಕಿದೆ. ಜಗ್ಗುವುದು ಅವತ್ತೇ ನಿಂತಿತು, ಆದರೆ ಲೈಟ್ ಇನ್ನೂ ಉರಿಯುತ್ತಿದೆ, ಕೋಡ್ ಅಳಿಸಿಲ್ಲ.

ಗ್ರೀಸ್_ಕೈ

ಅಳಿಸಬೇಡಿ. ಸಾಮಾನ್ಯವಾಗಿ ಮೂರು ಓಡಾಟ ತಪ್ಪಿಲ್ಲದೆ ಮುಗಿದರೆ ತಾನೇ ಆರುತ್ತೆ. ಹಾಗೆ ಆರಿದರೆ ರಿಪೇರಿ ಸರಿಯಾಗಿದೆ ಅಂತ ಗಾಡಿಯೇ ಒಪ್ಪಿಕೊಂಡ ಹಾಗೆ.

ಹಾಸನದ_ಹ್ಯಾಚ್‌ಬ್ಯಾಕ್

ಇವತ್ತು ಬೆಳಿಗ್ಗೆ ಆರಿತ್ತು. ಪಿ0171 ಕೂಡ ಮತ್ತೆ ಬಂದಿಲ್ಲ. ತುಂಬಾ ಥ್ಯಾಂಕ್ಸ್ ಸರ್. ವಾಟರ್ ಸರ್ವಿಸ್‌ನವರಿಗೆ ಇನ್ಮೇಲೆ ಬಾನೆಟ್ ಮುಟ್ಟಬೇಡಿ ಅಂತ ಮೊದಲೇ ಹೇಳ್ತೀನಿ.