ಪ್ರಾಸ್ಟೇಟ್ ಇಂಜೆಕ್ಷನ್ ಆದ್ಮೇಲೆ ಕೈಕಾಲಲ್ಲಿ ಬಲ ಇಲ್ಲ: ಡಾಕ್ಟ್ರನ್ನ ಕೇಳಿ

ಅಡ್ಮಿನ್: ಕ್ಯಾನ್ಸರ್ ಡಾಕ್ಟ್ರು ಮೇಡಂ ಇವತ್ತು ರಾತ್ರಿ ಒಂಬತ್ತರವರೆಗೆ ಗ್ರೂಪಲ್ಲಿರ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ತಗೊಳ್ತಿರೋರ ಸುಸ್ತು, ಶಕ್ತಿ, ವ್ಯಾಯಾಮದ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಮಂಡ್ಯ ಸದಸ್ಯ: ಮೇಡಂ ನಮ್ ತಂದೆಗೆ 68, ಗದ್ದೆ ಕೆಲ್ಸ ಮಾಡ್ಕೊಂಡಿದ್ದೋರು, ಮೂರ್ ತಿಂಗಳಿಗೊಂದು ಲ್ಯುಪ್ರೊಲೈಡ್ ಹಾಕಿಸ್ತಾ ಒಂದ್ ವರ್ಷ ಆಯ್ತು, ಮೊದ್ಲು ಭತ್ತದ ಮೂಟೆ ಎತ್ತೋರು ಈಗ ಬಿಂದಿಗೆ ಎತ್ತಕ್ಕೂ ಏದುಸಿರು, ಆದ್ರೆ ತೂಕ ಏರಿದೆ ಹೊಟ್ಟೆ ಬಂದಿದೆ. ಪಿಎಸ್‌ಎ (ಪ್ರಾಸ್ಟೇಟ್ ರಕ್ತ ಪರೀಕ್ಷೆ) ಕಮ್ಮಿನೇ ಇದೆ. ಏನಿದು?

ಡಾಕ್ಟ್ರು: ಬಹುಪಾಲು ಇಂಜೆಕ್ಷನ್ನಿಂದಾನೇ. ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನ್ ಡೆಸಿಲೀಟರ್ ರಕ್ತಕ್ಕೆ ಸುಮಾರು 300ರಿಂದ 1000 ನ್ಯಾನೋಗ್ರಾಂ ಇರುತ್ತೆ, ಇದು ಅದನ್ನ 3-4 ವಾರದಲ್ಲಿ 50ಕ್ಕಿಂತ ಕೆಳಗಿಳಿಸುತ್ತೆ, ಇಳೀಲಿ ಅಂತಾನೇ ಹಾಕೋದು. ಮೊದಲ ವರ್ಷದಲ್ಲಿ ಸ್ನಾಯು 2-3% ಕರಗಿ ಕೊಬ್ಬು 10%ವರೆಗೂ ಏರಬಹುದು, ತೂಕ ಹೆಚ್ಚು ಬಲ ಕಮ್ಮಿ ಆಗೋದು ಹೀಗೆ. ಹಿಮೋಗ್ಲೋಬಿನ್ನೂ 1 ಗ್ರಾಂ ಆಸುಪಾಸು ಇಳಿಯುತ್ತೆ. ಆದ್ರೂ ಏದುಸಿರು ಅಂದ್ರಿ, ಇಸಿಜಿ, ಶುಗರ್, ರಕ್ತ ಮೂರೂ ಈ ವಾರ ಮಾಡ್ಸಿ. ಬರೀ ವಾಕಿಂಗ್ ಸಾಲಲ್ಲ, ಸ್ನಾಯುವಿಗೆ ಭಾರ ಬೀಳ್ಬೇಕು: ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದೂಡೋದು, ರಬ್ಬರ್ ಬ್ಯಾಂಡ್ ಎಳೆಯೋದು, ವಾರಕ್ಕೆ ಮೂರು ದಿನ. ಮೂಳೆಗೆ ಹರಡಿದ್ರೆ ಮೊದ್ಲು ನಿಮ್ ಡಾಕ್ಟ್ರನ್ನ ಕೇಳದೆ ಶುರು ಮಾಡ್ಬೇಡಿ.

ಶಿವಮೊಗ್ಗ ಸದಸ್ಯ: ಇದನ್ನೂ ನೋಡಿ ಮೇಡಂ, ಅಶ್ವಗಂಧ ಶಿಲಾಜಿತ್ ಹಾಲಲ್ಲಿ 40 ದಿನ, ಹೋದ ಶಕ್ತಿ ವಾಪಸ್, ಸೈಡ್ ಎಫೆಕ್ಟ್ ಇಲ್ಲ (ಫಾರ್ವರ್ಡ್)

ಡಾಕ್ಟ್ರು: ಬೇಡ. ಟೆಸ್ಟೋಸ್ಟಿರಾನ್ ಏರುತ್ತೆ ಅಂತ ಹೇಳೇ ಇವನ್ನ ಮಾರೋದು. ಆ ಹಾರ್ಮೋನನ್ನ ಇಳಿಸೋಕೆ ದುಡ್ಡು ಕೊಟ್ಟು ಇಂಜೆಕ್ಷನ್ ಹಾಕಿಸ್ತಾ ಇನ್ನೊಂದ್ ಕಡೆ ಏರಿಸೋಕೆ ಹೋಗ್ಬೇಡಿ.

ಮೈಸೂರು ಸದಸ್ಯೆ: ಇಂಜೆಕ್ಷನ್ ನಿಲ್ಸಿದ್ರೆ ಶಕ್ತಿ ವಾಪಸ್ ಬರುತ್ತಾ ಮೇಡಂ

ಡಾಕ್ಟ್ರು: ನಿಧಾನಕ್ಕೆ. ವಯಸ್ಸಾದೋರಲ್ಲಿ ವರ್ಷ ಮೀರಬಹುದು, ಕೆಲವರಿಗೆ ಪೂರ್ತಿ ಬರಲ್ಲ. ನೀವಾಗೇ ನಿಲ್ಲಿಸ್ಬೇಡಿ.

ತುಮಕೂರು ಸದಸ್ಯ: ರಾಗಿಮುದ್ದೆ ಎರಡು ಹೊತ್ತು ಕೊಟ್ರೆ ಸಾಕು, ಈ ಪ್ರೋಟೀನ್ ಪೌಡರ್ ಎಲ್ಲ ಕಂಪ್ನಿಯವ್ರ ಲೂಟಿ

ಬೆಂಗಳೂರು ಸದಸ್ಯ: 100 ಗ್ರಾಂ ರಾಗಿಲಿ 7 ಗ್ರಾಂ ಪ್ರೋಟೀನ್ ಇರೋದು ಸರ್, ಸುಮ್ನೆ ಏನೇನೋ ಹೇಳ್ಬೇಡಿ

ತುಮಕೂರು ಸದಸ್ಯ: ನಮ್ ತಾತ ಮುದ್ದೆ ತಿಂದೇ 90 ವರ್ಷ ಉಳುಮೆ ಮಾಡಿದ್ರು, ನಿಮ್ ಜಿಮ್ ಲೆಕ್ಕ ನಿಮ್ಮತ್ರಾನೇ ಇಟ್ಕೊಳ್ಳಿ

ಬೆಂಗಳೂರು ಸದಸ್ಯ: ತಾತಂಗೆ ಇಂಜೆಕ್ಷನ್ ಹಾಕಿದ್ರಾ? ಇಲ್ವಲ್ಲ

ಹುಬ್ಬಳ್ಳಿ ಸದಸ್ಯೆ: ಮೇಡಂ ನಮ್ಮ ಅಪ್ಪಾರಿಗೆ 74, ಬೆನ್ನೆಲುಬಿಗೂ ಹರಡೇತಿ ಅಂದಾರ್ರಿ. ಮೊದಲನೇ ಇಂಜೆಕ್ಷನ್ ಆಗಿ ಹತ್ತ ದಿನಾತು. ಮೂರ ದಿನದಿಂದ ಎರಡೂ ಕಾಲಾಗ ಬಲಾ ಇಲ್ಲ, ನಿನ್ನೆ ಗ್ವಾಡಿ ಹಿಡ್ಕೊಂಡು ನಡದ್ರು ಇವತ್ತು ಅದೂ ಆಗವಲ್ದು, ಮುಂಜಾನಿಂದ ಮೂತ್ರಾನೂ ಹೋಗಿಲ್ಲ. ಇದೂ ಟೆಸ್ಟೋಸ್ಟಿರಾನ್ ಕಮ್ಮಿ ಆಗಿದ್ದಕ್ಕ ಏನ್ರಿ? ಕುರ್ಚಿ ವ್ಯಾಯಾಮ ಮಾಡಸ್ಲ್ಯಾ?

ಡಾಕ್ಟ್ರು: ವ್ಯಾಯಾಮ ಬೇಡ, ಎಬ್ಬಿಸಲೇಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ನಾಳೆ ಅಲ್ಲ, ಈ ರಾತ್ರಿನೇ. ಹಾರ್ಮೋನಿನ ಸುಸ್ತು ತಿಂಗಳುಗಟ್ಟಲೆ ನಿಧಾನಕ್ಕೆ ಬರುತ್ತೆ, ಮೂರೇ ದಿನದಲ್ಲಿ ಎರಡೂ ಕಾಲು ಬಿದ್ದು ಮೂತ್ರ ಕಟ್ಟಲ್ಲ. ಬೆನ್ನುಮೂಳೆಯಲ್ಲಿರೋ ಗೆಡ್ಡೆ ಬೆನ್ನುಹುರಿನ ಒತ್ತುತ್ತಿದೆ ಅಂತ ನನ್ ಅನುಮಾನ. ಎಂಆರ್‌ಐ ಇರೋ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ, ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನಿಗೆ ಹರಡಿದೆ, ಕಾಲು ಬಿದ್ದಿದೆ, ಮೂತ್ರ ಕಟ್ಟಿದೆ ಅಂತ ಬಾಗಿಲಲ್ಲೇ ಹೇಳಿ, ಇಡೀ ಬೆನ್ನಿನ ಎಂಆರ್‌ಐ ಕೇಳಿ. ಅವರು ಸ್ಟೆರಾಯ್ಡ್ ಶುರು ಮಾಡಿ ರೇಡಿಯೇಷನ್ನೋ ಆಪರೇಷನ್ನೋ ನಿರ್ಧಾರ ಮಾಡ್ತಾರೆ, ಒಂದೊಂದ್ ಗಂಟೆ ತಡ ಆದಷ್ಟೂ ನಡಿಗೆ ವಾಪಸ್ ಬರೋದು ಕಷ್ಟ. ಇಂಜೆಕ್ಷನ್ ಜೊತೆ ಬೈಕಾಲುಟಮೈಡ್ ಮಾತ್ರೆ ಕೊಟ್ಟಿದ್ರಾ?

ಹುಬ್ಬಳ್ಳಿ ಸದಸ್ಯೆ: ಕೊಟ್ಟಿದ್ರಿ. ಭಾಳ ಉಷ್ಣ, ಲಿವರ್ ಕೆಡ್ತೈತಿ ಅಂತ ವಾಟ್ಸಾಪಿನ್ಯಾಗ ಬಂದಿತ್ತು, ನಾಕ ದಿನ ಕೊಟ್ಟು ಬಿಡಸಿದ್ವಿ

ಡಾಕ್ಟ್ರು: ಮೊದಲ ಇಂಜೆಕ್ಷನ್ ಆದ ಒಂದೆರಡು ವಾರ ಟೆಸ್ಟೋಸ್ಟಿರಾನ್ ಇಳಿಯೋ ಮುಂಚೆ ಏರುತ್ತೆ, ಗೆಡ್ಡೆ ಆಗ ಊದಬಹುದು, ಅದನ್ನ ತಡೆಯೋಕೇ ಆ ಮಾತ್ರೆ. ಚೀಟಿ ಮಾತ್ರೆ ಎಲ್ಲ ತಗೊಂಡು ಹೋಗಿ, ಬಿಡಿಸಿದ್ದು ಮುಚ್ಚಿಡ್ಬೇಡಿ. ಹೊರಡಿ.

ಶಿವಮೊಗ್ಗ ಸದಸ್ಯ: ಅಲೋಪತಿಯವ್ರಿಗೆ ನಮ್ ಆಯುರ್ವೇದ ಅಂದ್ರೆ ಯಾವಾಗ್ಲೂ ಅಷ್ಟೇ, ಮೊದ್ಲಿಂದ್ಲೂ ನೋಡಿದೀವಿ

ಮಂಡ್ಯ ಸದಸ್ಯ: ರೀ ಸ್ವಾಮಿ ಅಲ್ಲಿ ಒಬ್ರ ಕಾಲು ಹೋಗ್ತಿದೆ, ನಿಮ್ದೊಂದು

ದಾವಣಗೆರೆ ಸದಸ್ಯ: ಅಶ್ವಗಂಧ ಚೂರ್ಣ ಬೇಡ, ಲೇಹ್ಯ ಆದ್ರೆ ಓಕೆನಾ ಮೇಡಂ

ಡಾಕ್ಟ್ರು: ಮೇಲೆ ಓದಿ.

ಉಡುಪಿ ಸದಸ್ಯೆ: ಮೇಡಂ ನಮ್ಮ ಯಜಮಾನ್ರಿಗೆ ಇಂಜೆಕ್ಷನ್ ಬದಲು ವೃಷಣ ತೆಗೆಸಿದ್ದು, ಅವ್ರಿಗೂ ಮೂಳೆ ಸ್ಕ್ಯಾನ್ ಬೇಕಾ? ಮೊನ್ನೆ ಬಚ್ಚಲಲ್ಲಿ ಜಾರಿದ್ರು

ಬೆಂಗಳೂರು ಸದಸ್ಯ: ಮೇಡಂ ಕೆಜಿಗೆ ಎಷ್ಟು ಪ್ರೋಟೀನ್ ಅಂತ ಒಂದ್ಸಲ ಹೇಳ್ಬಿಡಿ, ಈ ಮುದ್ದೆ ಜಗಳ ಮುಗೀಲಿ

ಡಾಕ್ಟ್ರು: ದೇಹದ ತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ. ಕಿಡ್ನಿ ತೊಂದ್ರೆ ಇದ್ರೆ ಕೇಳಿ ಕೊಡಿ. ಮುದ್ದೆ ತಿನ್ಲಿ, ಜೊತೆಗೆ ಮೊಟ್ಟೆ, ಬೇಳೆ, ಮೊಸರು ಇರ್ಲಿ. ಇಬ್ರೂ ಸಾಕು ಮಾಡಿ. ಹುಬ್ಬಳ್ಳಿಯವ್ರು ಹೊರಟ್ರಾ?

ತುಮಕೂರು ಸದಸ್ಯ: ಅವ್ರು ಜಿಮ್ ಅಂದಿದ್ದಕ್ಕೆ ನಾನ್ ಹೇಳಿದ್ದು ಮೇಡಂ, ಶುರು ಮಾಡಿದ್ದು ನಾನಲ್ಲ

ಡಾಕ್ಟ್ರು: ಹುಬ್ಬಳ್ಳಿಯವ್ರೇ?

ಹುಬ್ಬಳ್ಳಿ ಸದಸ್ಯೆ: ಆಂಬುಲೆನ್ಸ್ ಬಂತ್ರಿ. ಅಣ್ಣ ಕುಂದ್ರಿಸಿ ಕರ್ಕೊಂಡು ಹೋಗೂಣು ಅನ್ನಾಕತ್ತಾನ

ಡಾಕ್ಟ್ರು: ಕೂರಿಸ್ಬೇಡಿ. ಅಂಗಾತ ಮಲಗಿಸಿ, ಬೆನ್ನು ತಿರುಚದ ಹಾಗೆ ಸ್ಟ್ರೆಚರಲ್ಲೇ. ಎಮರ್ಜೆನ್ಸಿ ಡಾಕ್ಟ್ರ ಕೈಗೆ ಫೋನ್ ಕೊಟ್ಟು ನನಗೆ ಕಾಲ್ ಮಾಡ್ಸಿ, ನಾನ್ ಮಾತಾಡ್ತೀನಿ.