ಅಡಿಕೆ ದರ ಬಿದ್ದಿದೆ, ಗ್ರಾಹಕರು ಕೈ ಬಿಗಿ ಹಿಡಿದಿದ್ದಾರೆ: ಪಿ.ಆರ್. ಆಫೀಸು ಉಳಿಸಿಕೊಳ್ಳೋದು ಹೇಗೆ?

ದುರ್ಗಿಗುಡಿ_ಪಿಆರ್:
ಶಿವಮೊಗ್ಗದಲ್ಲಿ ಐದು ಜನರ ಪಿ.ಆರ್. (ಸಾರ್ವಜನಿಕ ಸಂಪರ್ಕ) ಆಫೀಸು. ಗ್ರಾಹಕರು ಆಸ್ಪತ್ರೆ, ಕಾಲೇಜು, ಚಿನ್ನದಂಗಡಿ, ಬೈಕ್ ಶೋರೂಂ, ತೀರ್ಥಹಳ್ಳಿ ಕಡೆಯ ಎರಡು ಹೋಂಸ್ಟೇ. ಇಬ್ಬರು ರೀಟೇನರ್ (ತಿಂಗಳ ಖಾಯಂ ಶುಲ್ಕ) 40,000ದಿಂದ 24,000ಕ್ಕೆ ಇಳಿಸಿ ಅಂತಿದ್ದಾರೆ. ಇನ್ನೊಬ್ಬರದು ನಾಲ್ಕು ತಿಂಗಳ ಬಾಕಿ. ದರ ಇಳಿಸೋದಾ, ಗ್ರಾಹಕರನ್ನು ಬಿಡೋದಾ, ಹುಡುಗರನ್ನು ಕಡಿಮೆ ಮಾಡೋದಾ?

ತುಂಗಾತೀರ:
ದರ ಮುಟ್ಟಬೇಡಿ, ಕೆಲಸ ಇಳಿಸಿ. 40,000ಕ್ಕೆ 50 ಗಂಟೆ ಕೊಡ್ತಿದ್ದರೆ ಗಂಟೆಗೆ 800. ಅದೇ 50 ಗಂಟೆ 24,000ಕ್ಕೆ ದುಡಿದರೆ 480. ನಾಳೆ ಅಡಿಕೆ ಏರಿದರೂ ಆ 480 ಏರೋದಿಲ್ಲ ಮಾರಾಯ್ರೆ. 24,000ಕ್ಕೆ 30 ಗಂಟೆ ಅನ್ನಿ.

ಹಬ್ಬದ ಶುಭಾಶಯ ಪೋಸ್ಟರ್, ಸುದ್ದಿಯೇ ಇಲ್ಲದ ಪ್ರೆಸ್ ಮೀಟ್ ಮೊದಲು ತೆಗೀರಿ. ಕ್ಲಿಪಿಂಗ್ ಫೈಲ್ (ಪತ್ರಿಕೆಯಲ್ಲಿ ಬಂದ ಸುದ್ದಿಗಳ ಕಟ್ಟು) ದಿನಾ ಬೇಡ, ವಾರಕ್ಕೊಮ್ಮೆ ಸಾಕು. ತಿಂಗಳಿಗೆ ಎರಡು ಗಟ್ಟಿ ಪ್ರೆಸ್ ನೋಟ್, ವರದಿಗಾರರು ಕೇಳಿದ್ದಕ್ಕೆ ಅದೇ ದಿನ ಉತ್ತರ, ಇವೆರಡನ್ನು ಮಾತ್ರ ಬಿಡಬೇಡಿ. ವರದಿಗಾರರ ಜೊತೆಗಿನ ಸಂಪರ್ಕ ಒಮ್ಮೆ ಕಡಿದರೆ ಮತ್ತೆ ಕೂಡಿಸೋದು ಕಷ್ಟ. ಈ ಏರ್ಪಾಡು ಮೂರು ತಿಂಗಳಿಗೆ ಮಾತ್ರ, ಆಮೇಲೆ ಹಳೇ ಒಪ್ಪಂದವೇ ಅಂತ ಪತ್ರದಲ್ಲಿ ಬರೆಸಿ, ಸಹಿ ಹಾಕಿಸಿ.

ಸಾಗರ_ರಸ್ತೆ:
ಕಾಗದದ ಮೇಲೆ 30 ಗಂಟೆ ಸರಿ. ರಾತ್ರಿ ಒಂಬತ್ತಕ್ಕೆ ಮಾಲೀಕರು ವಾಟ್ಸಾಪ್‌ನಲ್ಲಿ "ಒಂದು ಸಣ್ಣ ಪೋಸ್ಟರ್" ಅಂದ್ರೆ ಹುಡುಗರು ಇಲ್ಲ ಅನ್ನಲ್ಲ. ಪ್ರತಿ ಶನಿವಾರ ಬಳಸಿದ ಗಂಟೆ ಎಷ್ಟು, ಉಳಿದದ್ದೆಷ್ಟು ಅಂತ ಎರಡು ಸಾಲು ಕಳಿಸಿ. ಮೂರನೇ ವಾರಕ್ಕೆ ಅವರೇ ಪೋಸ್ಟರ್ ಕೇಳೋದು ನಿಲ್ಲಿಸ್ತಾರೆ.

ಇನ್ನೊಂದು. "ಇಷ್ಟು ಕಾಲಂ ಸೆಂಟಿಮೀಟರ್ ಸುದ್ದಿ ಬಂತು, ಜಾಹೀರಾತಾಗಿದ್ದರೆ ಇಷ್ಟು ಲಕ್ಷ" ಅನ್ನೋ ಲೆಕ್ಕ ತೋರಿಸಬೇಡಿ. ಪಿ.ಆರ್. ಕೆಲಸದ ಫಲ ಅಳೆಯೋಕೆ ಆ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲೇ ಅದನ್ನು ತಳ್ಳಿಹಾಕಿದ್ದಾರೆ. ಕೈ ಬಿಗಿ ಇರುವ ಮಾಲೀಕ "ಆ ಲಕ್ಷ ಎಲ್ಲಿದೆ ತೋರಿಸಿ" ಅಂತಾನೆ. ಬದಲಿಗೆ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ "ನಮ್ಮ ಬಗ್ಗೆ ಎಲ್ಲಿ ಕೇಳಿದ್ರಿ" ಅಂತ ಬರೆಸಿ. ಲೇಖನ ಬರುವ ಎರಡು ವಾರ ಮುಂಚಿನದು, ನಂತರದ ಎರಡು ವಾರದ್ದು ಪಕ್ಕಪಕ್ಕ ಇಡಿ.

ಲೆಕ್ಕದ_ಪುಸ್ತಕ:
ಅಸಲಿ ಪೆಟ್ಟು ಬಾಕಿಯಿಂದ. ಆ ನಾಲ್ಕು ಬಿಲ್ ತಲಾ 40,000ದ್ದಾಗಿದ್ದರೆ ಅದರ ಮೇಲೆ ಶೇ 18 ಜಿ.ಎಸ್.ಟಿ., ಅಂದ್ರೆ 28,800. ದುಡ್ಡು ಬರಲಿ ಬಿಡಲಿ, ಅದನ್ನು ನೀವು ಕೈಯಿಂದ ಕಟ್ಟಾಗಿರುತ್ತೆ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದೆಯಾ? ಉಚಿತ. ಇಲ್ಲದಿದ್ದರೆ ಇವತ್ತೇ ಮಾಡಿಸಿ, ಆದರೆ ನೋಂದಣಿಗೆ ಮುಂಚಿನ ಹಳೇ ಬಿಲ್‌ಗಳಿಗೆ ಅದರ ರಕ್ಷಣೆ ಸಿಗೋದು ಅನುಮಾನ. ಇದ್ದರೆ ನಂಬರ್ ಪ್ರತಿ ಬಿಲ್ ಮೇಲೆ ಹಾಕಿ. ಸಣ್ಣ ಉದ್ದಿಮೆಗಳ 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆ ಪ್ರಕಾರ ಗ್ರಾಹಕರು ದುಡ್ಡು ಕೊಡೋಕೆ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿ. ಬಡ್ಡಿ ಮಾತಿಗೆ ಗ್ರಾಹಕ ಹೆದರಲ್ಲ, ಅವರ ಆಡಿಟರ್‌ಗೆ ಪತ್ರದ ಪ್ರತಿ ಹೋದರೆ ಹೆದರ್ತಾರೆ: ಗಡುವು ಮೀರಿದ ಬಿಲ್ಲನ್ನು ದುಡ್ಡು ಕೊಡುವವರೆಗೂ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸೋ ಹಾಗಿಲ್ಲ. 180 ದಿನ ದಾಟಿದರೆ ನಿಮ್ಮ ಬಿಲ್ ತೋರಿಸಿ ಅವರು ಪಡೆದ ಜಿ.ಎಸ್.ಟಿ. ಕ್ರೆಡಿಟ್ಟೂ (ತಮ್ಮ ತೆರಿಗೆಯಲ್ಲಿ ಕಳೆದುಕೊಂಡ ಮೊತ್ತ) ವಾಪಸ್ ಕಟ್ಟಬೇಕು. ಅದಕ್ಕೂ ಬಗ್ಗದಿದ್ದರೆ ಸಣ್ಣ ಉದ್ದಿಮೆಗಳ ಬಾಕಿ ದೂರಿಗಿರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಿ. ಮುಂದಕ್ಕೆ ರೀಟೇನರ್ ತಿಂಗಳ 5ರೊಳಗೆ ಮುಂಗಡ. ಎರಡು ಬಿಲ್ ನಿಂತರೆ ಕೆಲಸ ನಿಲ್ಲಿಸಿ.

ದುರ್ಗಿಗುಡಿ_ಪಿಆರ್:
ಉದ್ಯಮ್ ಇದೆ, ಬಿಲ್ ಮೇಲೆ ಹಾಕಿಲ್ಲ. ಹುಡುಗರ ವಿಷಯ?

ತುಂಗಾತೀರ:
ಕಾಲೇಜಿಗೆ ಪ್ರವೇಶದ ತಿಂಗಳು ಕೆಲಸ ಜಾಸ್ತಿ, ಮಳೆಗಾಲದಲ್ಲಿ ಕಾರ್ಯಕ್ರಮಗಳೇ ಇಲ್ಲ. ಡಿಸೈನು, ವಿಡಿಯೋ ಹೊರಗಿನವರಿಗೆ ಕೆಲಸಕ್ಕಿಷ್ಟು ಅಂತ ಕೊಡಿ. ಬರೆಯುವವರನ್ನು ಮಾತ್ರ ಕೆಲಸದಿಂದ ತೆಗೀಬೇಡಿ. ಇಂಥ ವರ್ಷ ಶೋರೂಂ ಒಂದು ಬ್ರಾಂಚ್ ಮುಚ್ಚುತ್ತೆ, ಆಗ ಬೇಕಾಗೋದು ಅವರೇ: ಸುದ್ದಿ ಮೊದಲು ಸಿಬ್ಬಂದಿಗೆ ತಿಳಿಸಬೇಕು, ಅದೇ ದಿನ ಪತ್ರಿಕೆಗೆ. ಎಷ್ಟು ಜನರ ಕೆಲಸ ಹೋಗುತ್ತೆ, ಯಾವ ತಾರೀಖಿಗೆ ಮುಚ್ಚುತ್ತೆ, ಬುಕಿಂಗ್ ಮುಂಗಡ ಕೊಟ್ಟವರ ಗತಿ ಏನು, ಅಷ್ಟೂ ನೋಟ್‌ನಲ್ಲಿರಲಿ. ಈ ಕೆಲಸದ ಬಿಲ್ ರೀಟೇನರ್‌ಗೆ ಸೇರಿಸಬೇಡಿ, ಬೇರೆ ಹಾಕಿ.