ಅಧಿಶೋಷಣೆಯೋ, ಕಚ್ಚುವುದೋ, ತಂಗುವುದೋ?

ಬಳಗದವರಿಗೆ ನಮಸ್ಕಾರ.

ರೈತರು ಓದುವ ಮಾಸಪತ್ರಿಕೆಯೊಂದಕ್ಕೆ ತೆಂಗಿನ ಕರಟದ ಬಗ್ಗೆ ಬರೆಯುತ್ತಿದ್ದೇನೆ. ಕರಟವನ್ನು ಗಾಳಿ ತಾಕದಂತೆ ಕಾಯಿಸಿ ಇದ್ದಿಲು ಮಾಡಿ, ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿ ಮತ್ತೆ 600ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಕ್ಷಾರವನ್ನು ತೊಳೆದು ಒಣಗಿಸಿದ ಆ ಕರಿಪುಡಿಗೆ ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ. ವಿಷಯ ಇಷ್ಟೇ. ನಾನು ಎಡವಿರುವುದು ಆ ಹಿಡಿದಿಟ್ಟುಕೊಳ್ಳುವ ಕ್ರಿಯೆಯ ಹೆಸರಿನಲ್ಲಿ: ಇಂಗ್ಲಿಷಿನಲ್ಲಿ ಅದು ಅಡ್ಸಾರ್ಪ್ಷನ್, ಕನ್ನಡದಲ್ಲಿ ಏನೆನ್ನೋಣ?

ಮೊದಲ ಕರಡಿನಲ್ಲಿ ‘ಅಧಿಶೋಷಣೆ’ ಎಂದು ಬರೆದಿದ್ದೆ. ತಿಪಟೂರಿನ ಕಡೆ ತೆಂಗಿನ ತೋಟ ಮಾಡಿಕೊಂಡಿರುವ ದೊಡ್ಡಪ್ಪನಿಗೆ ಓದಲು ಕೊಟ್ಟೆ. ಎರಡು ಪುಟ ಓದಿ, ಕನ್ನಡಕ ತೆಗೆದು, “ಇದರಲ್ಲಿ ಯಾರು ಯಾರನ್ನು ಶೋಷಿಸುತ್ತಿದ್ದಾರಪ್ಪಾ?” ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ಸಂಸ್ಕೃತದಲ್ಲಿ ಶೋಷಣ ಎಂದರೆ ಒಣಗಿಸುವುದು, ಹೀರುವುದು. ಇಂದಿನ ಕನ್ನಡದಲ್ಲಿ ಅದು ಬಡವರ ರಕ್ತವನ್ನಷ್ಟೇ ಹೀರುತ್ತದೆ. ಅದಕ್ಕೆ ‘ಅಧಿ’ ಸೇರಿಸಿದರೆ ಶೋಷಣೆ ಇನ್ನೂ ಹೆಚ್ಚಾಯಿತೆಂದೇ ಓದುಗರು ತಿಳಿಯುತ್ತಾರೆ.

‘ಹೀರಿಕೆ’ ಎನ್ನೋಣವೆಂದರೆ ಅದು ಅಬ್ಸಾರ್ಪ್ಷನ್‌ಗೆ ಸಲ್ಲಬೇಕಾದ ಪದ. ಸೋಡಾ ನೀರಿನಲ್ಲಿ ಇದೇ ಅನಿಲ ಕರಗಿ ನೀರಿನ ಉದ್ದಗಲಕ್ಕೂ ಬೆರೆತಿರುತ್ತದೆ, ಅದು ಹೀರಿಕೆ. ಇದ್ದಿಲಿನಲ್ಲಿ ಅನಿಲ ಬೆರೆಯುವುದಿಲ್ಲ, ತೂತಿನ ಗೋಡೆಯ ಮೇಲೆ ಕೂರುತ್ತದೆ. ಈ ಭೇದ ಇಂಗ್ಲಿಷಿನಲ್ಲೂ ಒಂದಕ್ಷರದ ಮೇಲೆ ನಿಂತಿದೆ. ಅಡ್ಸಾರ್ಪ್ಷನ್ ಎಂಬುದು ಜರ್ಮನಿಯ ಭೌತವಿಜ್ಞಾನಿ ಹೈನ್ರಿಶ್ ಕೈಸರ್ 1881ರಲ್ಲಿ ಬಳಕೆಗೆ ತಂದ ಪದ. ಅಚ್ಚಿನಲ್ಲಿ ‘ಡಿ’ ಹೋಗಿ ‘ಬಿ’ ಬಂದರೆ ಅರ್ಥವೇ ಕೆಟ್ಟಿತು. ಆದ್ದರಿಂದ ನಾವು ಉಪಸರ್ಗಕ್ಕೆ ಉಪಸರ್ಗ ಜೋಡಿಸುತ್ತ ಕೂರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

‘ಮೇಲ್ಮೈ ಹೀರಿಕೆ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಅರ್ಥ ಸರಿ, ಚಿತ್ರ ತಪ್ಪು. ಮೇಲ್ಮೈ ಎಂದ ಕೂಡಲೇ ಹೊರಗಿನ ಮೈ ಕಣ್ಣಿಗೆ ಬರುತ್ತದೆ. ಇಲ್ಲಿ ಕೆಲಸ ನಡೆಯುವುದು ಒಳಮೈಯಲ್ಲಿ. ಚೆನ್ನಾಗಿ ಸಿದ್ಧಪಡಿಸಿದ ಒಂದೇ ಒಂದು ಗ್ರಾಂ ಪುಡಿಯ ಒಳಮೈ 1,000 ಚದರ ಮೀಟರನ್ನೂ ದಾಟುತ್ತದೆ. ಅಂದರೆ ಸುಮಾರು ಹತ್ತು ಗುಂಟೆ ಜಮೀನು. (ಈ ಲೆಕ್ಕ ಮಾತ್ರ ದೊಡ್ಡಪ್ಪನಿಗೆ ತಕ್ಷಣ ಹಿಡಿಸಿತು.)

ಆಮೇಲೆ ನೆನಪಾದದ್ದು ‘ಕಚ್ಚು’. ಬಿಳಿ ಪಂಚೆಗೆ ಅರಿಶಿನದ ಕಲೆ ಕಚ್ಚಿಕೊಳ್ಳುತ್ತದೆ, ನೂಲಿಗೆ ಬಣ್ಣ ಕಚ್ಚುತ್ತದೆ. ಪದಕ್ಕೆ ಗಟ್ಟಿತನವಿದೆ, ನನಗೂ ಇಷ್ಟ. ತೊಂದರೆಯೆಂದರೆ ಕಚ್ಚಿದ್ದು ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿಯ ಸೆಳೆತ ಬಲು ಸಡಿಲ. ಅನಿಲದ ಅಣುವಿನ ಅಗಲ 0.33 ನ್ಯಾನೋಮೀಟರ್, ತೂತು ಒಂದು ನ್ಯಾನೋಮೀಟರಿಗಿಂತ ಕಿರಿದಾಗಿದ್ದರೆ ಎರಡೂ ಕಡೆಯ ಗೋಡೆಗಳು ಸೆಳೆದು ಅದನ್ನು ನಿಲ್ಲಿಸಿಕೊಳ್ಳುತ್ತವೆ. ಸ್ವಲ್ಪ ಬಿಸಿ ಮಾಡಿದರೆ, ಇಲ್ಲವೇ ಒತ್ತಡ ಇಳಿಸಿದರೆ, ಅದು ಎದ್ದು ಹೊರಡುತ್ತದೆ. ಇದ್ದಿಲು ಮತ್ತೊಂದು ಸುತ್ತಿಗೆ ಸಿದ್ಧ. ಅದರ ಬೆಲೆಯೆಲ್ಲ ಇರುವುದು ಈ ಬಿಡುವ ಗುಣದಲ್ಲೇ.

ಹಾಗಾಗಿ ಈಗ ‘ತಂಗು’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ದಾರಿಹೋಕರು ರಾತ್ರಿ ತಂಗಿ ಬೆಳಗ್ಗೆ ಹೊರಡುತ್ತಾರೆ. ಬಸ್ಸಿಗೆ ಕಾಯುವವರಿಗೆ ತಂಗುದಾಣವಿದೆ. “ಅನಿಲ ಇದ್ದಿಲಿನ ಒಳಮೈಯಲ್ಲಿ ತಂಗುತ್ತದೆ” ಎಂದರೆ ವಿವರಣೆಯೇ ಬೇಡ. ಇದ್ದಿಲನ್ನು ಕರ್ತೃವಾಗಿಸಬೇಕಾದಲ್ಲಿ “ಇದ್ದಿಲು ಅನಿಲವನ್ನು ತಂಗಿಸಿಕೊಳ್ಳುತ್ತದೆ” ಎನ್ನಬಹುದೇ? ನನ್ನ ಕಿವಿಗೆ ಒಪ್ಪುತ್ತದೆ, ಆದರೆ ಬರೆದವನ ಕಿವಿಯನ್ನು ನಂಬುವಂತಿಲ್ಲ. ನಾಮಪದ ಇನ್ನೂ ಕಷ್ಟ: ‘ತಂಗುವಿಕೆ’ ಎಂದರೆ ವಸತಿಗೃಹದ ರಸೀದಿಯಂತೆ ಕೇಳಿಸುತ್ತದೆ.

ಇನ್ನೆರಡು ಸಣ್ಣ ಸಂಗತಿಗಳು. ‘ಜೈವಿಕ ತ್ಯಾಜ್ಯ’ ಎಂದು ಬರೆದರೆ ಪತ್ರಿಕೆ ಓದುವವರಿಗೆ ಆಸ್ಪತ್ರೆಯ ಸಿರಿಂಜು, ಬ್ಯಾಂಡೇಜು ನೆನಪಾಗುತ್ತವೆ. ಹಂಡೆಯೊಲೆ ಉರಿಸುವ ಮನೆಯಲ್ಲಿ ಕರಟವನ್ನು ತ್ಯಾಜ್ಯವೆಂದು ಯಾರೂ ಕರೆಯುವುದೂ ಇಲ್ಲ. ಕರಟ, ಅಡಿಕೆ ಸಿಪ್ಪೆ, ಭತ್ತದ ಹೊಟ್ಟು ಎಂದು ಹೆಸರು ಹಿಡಿದೇ ಬರೆಯಲು ನಿರ್ಧರಿಸಿದ್ದೇನೆ. ಹಾಗೆಯೇ ‘ಇಂಗಾಲದಿಂದ ಇಂಗಾಲದ ಸೆರೆ’ ಎಂಬ ಶೀರ್ಷಿಕೆಯಲ್ಲಿ ಕಳ್ಳನೂ ಪೊಲೀಸನೂ ಒಬ್ಬನೇ ಆಗಿಬಿಡುತ್ತಾನೆ. ಹಿಡಿಯುವುದಕ್ಕೆ ‘ಇದ್ದಿಲು’ ಎಂದೇ ಇಟ್ಟಿದ್ದೇನೆ.

ಕೊನೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಅರ್ಧ ಉತ್ತರವಿದೆ. ಗಾಳಿಯಿಲ್ಲದೆ ಕಾಯಿಸುವುದಕ್ಕೆ ‘ಸುಡುವುದು’ ಎಂದರೆ ತಪ್ಪಾಗುತ್ತದೆ, ಸುಟ್ಟರೆ ಉಳಿಯುವುದು ಬೂದಿ. ‘ಕಮರಿಸುವುದು’ ಎಂದು ಬರೆದಿದ್ದೇನೆ. ‘ಕರಕಲಾಗಿಸುವುದು’ ಇನ್ನೂ ಹತ್ತಿರವೇನೋ. ಮಣ್ಣು ಮುಚ್ಚಿ ಇದ್ದಿಲು ಮಾಡುವುದನ್ನು ಕಂಡವರು ಇಲ್ಲಿದ್ದರೆ, ಆ ಕೆಲಸಕ್ಕೆ ನಿಮ್ಮೂರಿನಲ್ಲಿ ಯಾವ ಕ್ರಿಯಾಪದ ಬಳಸುತ್ತಿದ್ದರು, ದಯವಿಟ್ಟು ತಿಳಿಸಿ. ಕರಡನ್ನು ಮುಂದಿನ ವಾರ ಕಳುಹಿಸಬೇಕು.